ಮಗು ತಾನೇ ಬಟ್ಟೆ ಹಾಕಿಕೊಳ್ಳಲು ಕಲಿಯುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರಿಂದ ಆರು ವರ್ಷದೊಳಗಿನ ಮಕ್ಕಳ ಜೊತೆ ಶಿಶುವಿಹಾರದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಮಗುವನ್ನು ಬಿಡಲು ಬರುವ ತಂದೆ ತಾಯಂದಿರು ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆಗಳಲ್ಲಿ ಓದು ಬರಹದವು ಕಡಿಮೆ. ಚಡ್ಡಿ, ಗುಂಡಿ, ಕಾಲುಚೀಲ, ಶೂಗಳವೇ ಹೆಚ್ಚು. ಅವರಿಗೆ ನಾನು ಕೊಡುತ್ತಾ ಬಂದಿರುವ ಉತ್ತರಗಳು ಇಲ್ಲಿವೆ. ಎಲ್ಲವೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುವುದನ್ನು ನೀವೇ ಗಮನಿಸುತ್ತೀರಿ: ಮಗುವಿನ ಕೈ ನಿಧಾನ, ನಮ್ಮ ಕೈಗೆ ಅವಸರ. ಕಲಿಯಬೇಕಾದ್ದು ಮಗು ಒಂದೇ ಅಲ್ಲ.

ಯಾವ ವಯಸ್ಸಿಗೆ ಮಗು ಏನೇನು ಮಾಡಬಲ್ಲದು?

ವರ್ಷ ತುಂಬುವ ಹೊತ್ತಿಗೆ ಅನೇಕ ಮಕ್ಕಳು ತೋಳು ತೂರಿಸುವಾಗ ಕೈ ಚಾಚುತ್ತಾರೆ, ಚಡ್ಡಿ ಹಾಕುವಾಗ ಕಾಲು ಮುಂದೆ ಮಾಡುತ್ತಾರೆ. ಕಲಿಕೆ ಶುರುವಾಗುವುದೇ ಅಲ್ಲಿಂದ. ನಾವು ಅದನ್ನು ಕಲಿಕೆ ಎಂದು ಗುರುತಿಸುವುದಿಲ್ಲ ಅಷ್ಟೇ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಟೋಪಿ, ಕಾಲುಚೀಲಗಳನ್ನು ಕಿತ್ತೆಸೆಯುತ್ತಾರೆ. ಎರಡು, ಎರಡೂವರೆಗೆ ಎಲಾಸ್ಟಿಕ್ ಚಡ್ಡಿಯನ್ನು ಕೆಳಗೆ ಜಾರಿಸುತ್ತಾರೆ, ಸ್ವಲ್ಪ ನೆರವಿದ್ದರೆ ಮೇಲಕ್ಕೂ ಎಳೆದುಕೊಳ್ಳುತ್ತಾರೆ. ಮೂರರ ಹೊತ್ತಿಗೆ ಸಡಿಲವಾದ ಟೀ ಶರ್ಟ್ ಹಾಕಿಕೊಳ್ಳುವುದು, ದೊಡ್ಡ ಗುಂಡಿಗಳನ್ನು ಬಿಚ್ಚುವುದು ಬರುತ್ತದೆ. ಮೂರೂವರೆಯಿಂದ ನಾಲ್ಕೂವರೆಯೊಳಗೆ ಗುಂಡಿ ಹಾಕುವುದು, ಮುಂಭಾಗ ಯಾವುದು ಹಿಂಭಾಗ ಯಾವುದು ಎಂದು ತಿಳಿಯುವುದು ಕೂಡಿಬರುತ್ತದೆ. ಐದಕ್ಕೆ ಬಹುಪಾಲು ಮಕ್ಕಳು ಹೆಚ್ಚುಕಡಿಮೆ ತಾವೇ ತಯಾರಾಗುತ್ತಾರೆ. ಶೂ ಲೇಸ್ ಕಟ್ಟುವುದು ಮಾತ್ರ ಐದೂವರೆ, ಆರು, ಕೆಲವೊಮ್ಮೆ ಏಳರವರೆಗೂ ಕಾಯಿಸುತ್ತದೆ.

ಈ ಲೆಕ್ಕವನ್ನು ಆರು ತಿಂಗಳು ಆಚೀಚೆ ಇಟ್ಟುಕೊಂಡು ಓದಿ. ಅಕ್ಕಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಲು ಇದನ್ನು ಬಳಸಬೇಡಿ.

ಮೊದಲು ಯಾವುದನ್ನು ಕಲಿಸಬೇಕು?

ಕಳಚುವುದನ್ನು. ಹಾಕಿಕೊಳ್ಳುವುದಕ್ಕಿಂತ ಕಳಚುವುದು ಎಷ್ಟೋ ಸುಲಭ. ಕಳಚುವಾಗ ತೂತು ಹುಡುಕಬೇಕಾಗಿಲ್ಲ, ಹಿಂದು ಮುಂದು ನೋಡಬೇಕಾಗಿಲ್ಲ, ಎಳೆದರೆ ಸಾಕು. ಸ್ನಾನಕ್ಕೆ ಮುಂಚೆ ಪ್ರತಿದಿನವೂ ಈ ಅಭ್ಯಾಸಕ್ಕೆ ಅವಕಾಶ ಸಿಗುತ್ತದೆ. ಹಾಗಿದ್ದೂ ನಾವು ಮಗು ಗೋಳಾಡುತ್ತಿದ್ದರೂ ನಾವೇ ಬಟ್ಟೆ ಬಿಚ್ಚಿ ಬಚ್ಚಲಿಗೆ ಎತ್ತಿಕೊಂಡು ಹೋಗುತ್ತೇವೆ. ನಾಳೆಯಿಂದ ಕಾಲುಚೀಲವನ್ನು ಹಿಮ್ಮಡಿಯಿಂದ ಈಚೆಗೆ ಎಳೆದು ಬೆರಳ ತುದಿಯಲ್ಲಿ ಬಿಟ್ಟುಬಿಡಿ. ಉಳಿದದ್ದನ್ನು ಮಗು ಕಿತ್ತುಕೊಳ್ಳಲಿ. ಆ ಎಳೆತದಲ್ಲಿ ಸಿಗುವ ಸಂತೋಷವೇ ಮುಂದಿನ ಎಲ್ಲಕ್ಕೂ ಬುನಾದಿ.

ಹಾಕಿಕೊಳ್ಳುವುದನ್ನು ಹೇಗೆ ಹೇಳಿಕೊಡುವುದು? ಎಷ್ಟು ತೋರಿಸಿದರೂ ಮಧ್ಯದಲ್ಲೇ ಬಿಟ್ಟು ಓಡುತ್ತಾನೆ.

ಕೊನೆಯಿಂದ ಶುರು ಮಾಡಿ. ಕೇಳಿದಾಗ ವಿಚಿತ್ರ ಎನಿಸಬಹುದು, ಆದರೆ ಮಕ್ಕಳಿಗೆ ದಿನನಿತ್ಯದ ಕೆಲಸ ಕಲಿಸುವ ಚಿಕಿತ್ಸಕರು ವಿಶೇಷವಾಗಿ ನೆಚ್ಚಿಕೊಂಡಿರುವ ಕ್ರಮ ಇದು.

ಚಡ್ಡಿಯನ್ನೇ ತೆಗೆದುಕೊಳ್ಳಿ. ಅದನ್ನು ಹಾಕಿಕೊಳ್ಳುವುದು ನಮಗೆ ಒಂದು ಕೆಲಸ. ಮಗುವಿಗೆ ಆರು ಕೆಲಸ. ಮುಂಭಾಗ ಗುರುತಿಸಬೇಕು, ಎರಡೂ ಕೈಯಲ್ಲಿ ಸೊಂಟದ ಅಂಚು ಹಿಡಿಯಬೇಕು, ಒಂದು ಕಾಲು ತೂರಿಸಬೇಕು, ಇನ್ನೊಂದು ಕಾಲನ್ನು ಅದೇ ತೂತಿಗೆ ಹಾಕದೆ ಪಕ್ಕದ್ದಕ್ಕೆ ಹಾಕಬೇಕು, ಮೊಣಕಾಲಿನವರೆಗೆ ಎಳೆಯಬೇಕು, ಎದ್ದು ನಿಂತು ಹಿಂಬದಿಯಲ್ಲೂ ಎಳೆದುಕೊಳ್ಳಬೇಕು. ಮೊದಲ ಹೆಜ್ಜೆಯಿಂದ ಹೇಳಿಕೊಟ್ಟರೆ ಮಗು ಅತಿ ಕಷ್ಟದ್ದನ್ನು ಮೊದಲು ಎದುರಿಸಿ ಸೋಲುತ್ತದೆ, ಮುಗಿಸುವುದು ನೀವು. ಅದರ ಬದಲು ಐದು ಹೆಜ್ಜೆ ನೀವು ಮಾಡಿ, ಚಡ್ಡಿಯನ್ನು ತೊಡೆಯ ಮೇಲ್ಭಾಗಕ್ಕೆ ತಂದು ಕೈ ಬಿಡಿ. ಕೊನೆಯ ಎಳೆತ ಮಗುವಿನದು. ಚಡ್ಡಿ ಸೊಂಟ ತಲುಪಿದಾಗ 'ನಾನೇ ಹಾಕಿಕೊಂಡೆ' ಎನ್ನುವುದು ಅದರ ಪಾಲಿಗೆ ನಿಜ. ಆ ಎಳೆತ ಸಲೀಸಾದ ಮೇಲೆ ಚಡ್ಡಿಯನ್ನು ಮೊಣಕಾಲಲ್ಲೇ ಬಿಡಿ. ಆಮೇಲೆ ಕಣಕಾಲಲ್ಲಿ. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾ ಹೋದರೆ ಒಂದು ದಿನ ಮೊದಲ ಹೆಜ್ಜೆಯೂ ಅದರದೇ ಆಗಿರುತ್ತದೆ, ಮತ್ತು ಪ್ರತಿ ಸಲವೂ ಮುಗಿಸಿದ್ದು ಮಗುವೇ ಆಗಿರುತ್ತದೆ.

ಒಂದು ಸಣ್ಣ ವಿಷಯ. ಎಳೆಯುವಾಗ ಮಕ್ಕಳು ಎರಡೂ ಕೈಯನ್ನು ಮುಂದೆಯೇ ಇಟ್ಟುಕೊಳ್ಳುತ್ತಾರೆ. ಮುಂದೆ ಹೊಟ್ಟೆಯವರೆಗೆ ಬರುತ್ತದೆ, ಹಿಂದೆ ಸಿಕ್ಕಿಕೊಂಡೇ ಇರುತ್ತದೆ. 'ಹೆಬ್ಬೆರಳನ್ನು ಎಲಾಸ್ಟಿಕ್ ಒಳಗೆ ಇಡು, ಒಂದು ಕೈ ಹಿಂದಕ್ಕೆ' ಎಂದು ಹೇಳಿ, ಬೇಕಿದ್ದರೆ ಅದರ ಕೈಯ ಮೇಲೆ ನಿಮ್ಮ ಕೈ ಇಟ್ಟು ತೋರಿಸಿ.

ಇದೆಲ್ಲ ಸರಿ. ಆದರೆ ಬೆಳಗ್ಗೆ ಅಷ್ಟು ಸಮಯ ಎಲ್ಲಿದೆ?

ಇಲ್ಲ, ಬೆಳಗ್ಗೆ ಸಮಯ ಇರುವುದಿಲ್ಲ. ಕೆಲಸಕ್ಕೆ ಓಡಬೇಕಾದ ತಾಯಿಗೆ 'ತಾಳ್ಮೆಯಿಂದಿರಿ' ಎಂದು ಉಪದೇಶ ಮಾಡುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಕಲಿಸುವ ಹೊತ್ತನ್ನೇ ಬದಲಿಸಿ. ಸಂಜೆ ಸ್ನಾನವಾದ ಮೇಲೆ ರಾತ್ರಿಯ ಬಟ್ಟೆ ಹಾಕಿಕೊಳ್ಳುವಾಗ ಯಾರಿಗೂ ಅವಸರವಿಲ್ಲ, ಬಟ್ಟೆಯೂ ಸಡಿಲ, ಹಿಂದುಮುಂದಾದರೂ ಯಾರೂ ನೋಡುವುದಿಲ್ಲ. ಹೊಸದನ್ನು ಆಗ ಕಲಿಸಿ, ರಜಾದಿನ ಮತ್ತೆ ಮಾಡಿಸಿ. ಬೆಳಗಿನ ಪಾಲಿಗೆ ಈಗಾಗಲೇ ಚೆನ್ನಾಗಿ ಬರುವ ಒಂದೇ ಒಂದು ಕೆಲಸವನ್ನು ಮಗುವಿಗೆ ಬಿಡಿ: ಚಡ್ಡಿ ಮಾತ್ರ, ಅಥವಾ ಶೂ ಮಾತ್ರ. ಉಳಿದದ್ದನ್ನು ನೀವು ಹಾಕಿ, ಅದಕ್ಕೆ ನೊಂದುಕೊಳ್ಳಬೇಡಿ.

ಹಿಂದಿನ ರಾತ್ರಿಯೇ ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲಿ ಸಾಲಾಗಿ ಹರಡಿಟ್ಟರೆ, ಒಳಚಡ್ಡಿಯಿಂದ ಕಾಲುಚೀಲದವರೆಗೆ, 'ಮುಂದೇನು?' ಎಂಬ ಪ್ರಶ್ನೆಗೆ ಉತ್ತರ ಮಗುವಿನ ಕಣ್ಣೆದುರೇ ಇರುತ್ತದೆ. ಟಿವಿ, ಮೊಬೈಲ್ ಆ ಕೋಣೆಯಲ್ಲಿ ಬೇಡ.

ಟೀ ಶರ್ಟ್ ಹಾಕುವಾಗ ತಲೆ ತೋಳಿನೊಳಗೆ ಹೋಗುತ್ತದೆ, ಇಲ್ಲವೇ ಹಿಂದುಮುಂದಾಗುತ್ತದೆ.

ಎದೆಯ ಮೇಲೆ ಚಿತ್ರವಿರುವ ಟೀ ಶರ್ಟ್ ಆರಿಸಿ. ಅದನ್ನು ಹಾಸಿಗೆಯ ಮೇಲೆ ಚಿತ್ರ ಕೆಳಗಾಗಿ, ಕೆಳ ಅಂಚು ಮಗುವಿನ ಕಡೆಗೆ ಬರುವಂತೆ ಹರಡಿ. ಮಗು ಅಂಚನ್ನು ಎತ್ತಿ, ಸುರಂಗದೊಳಗೆ ನುಗ್ಗುವಂತೆ ತಲೆ ಹಾಕಿ, ಕುತ್ತಿಗೆಯ ತೂತಿನಿಂದ ಹೊರಬರಲಿ. ಆಮೇಲೆ ಒಂದೊಂದು ಕೈ. ಚಿತ್ರ ತಾನಾಗಿ ಎದೆಯ ಮೇಲೆ ಬಂದಿರುತ್ತದೆ. ಲೇಬಲ್ ಇರುವುದು ಬೆನ್ನಿನ ಕಡೆ ಎಂಬುದನ್ನೂ ಹೇಳಿಕೊಡಿ. ಲೇಬಲ್ ಇಲ್ಲದ ಬಟ್ಟೆಗೆ ಒಳಗಡೆ ಕುತ್ತಿಗೆಯ ಹಿಂಭಾಗದಲ್ಲಿ ಬಣ್ಣದ ದಾರದಿಂದ ಎರಡು ಹೊಲಿಗೆ ಹಾಕಿದರೆ ಸಾಕು.

ಕುತ್ತಿಗೆ ಬಿಗಿಯಾಗಿದ್ದರೆ ಕಣ್ಣು ಕತ್ತಲಾದ ಆ ಕ್ಷಣ ಕೆಲವು ಮಕ್ಕಳಿಗೆ ನಿಜವಾದ ಭಯ. ಅಳುವನ್ನು ಹಠ ಎಂದುಕೊಳ್ಳಬೇಡಿ. ಅಗಲ ಕುತ್ತಿಗೆಯ ಬಟ್ಟೆ ಕೊಡಿ, ಅಥವಾ ಮುಂದೆ ಬಿಚ್ಚಿಕೊಳ್ಳುವ ಅಂಗಿಯಿಂದ ಶುರು ಮಾಡಿ.

ಗುಂಡಿ ಹಾಕಲು ಕಲಿಸುವುದು ಹೇಗೆ?

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಗುಂಡಿ ಹಾಕುವಾಗ ನಡೆಯುವುದೇನು ಎಂಬುದನ್ನು ದೊಡ್ಡವರಾದ ನಾವು ಮರೆತೇ ಹೋಗಿದ್ದೇವೆ.

ನಾಲ್ಕು ವರ್ಷದ ಹುಡುಗನೊಬ್ಬ ಒಮ್ಮೆ ನನ್ನೆದುರು ಕುಳಿತು ಅಂಗಿಯ ಗುಂಡಿಯೊಂದರ ಜೊತೆ ಗುದ್ದಾಡುತ್ತಿದ್ದ. ಬಲಗೈ ಗುಂಡಿಯನ್ನು ಕಾಜದೊಳಗೆ ಸರಿಯಾಗಿಯೇ ತಳ್ಳುತ್ತಿತ್ತು. ಗುಂಡಿಯ ಅಂಚು ಅರ್ಧಚಂದ್ರದಂತೆ ಹೊರಗೆ ಇಣುಕುತ್ತಿತ್ತು. ಆ ಗಳಿಗೆಯಲ್ಲಿ ಎಡಗೈಯಿಂದ ಹಿಡಿಯಬೇಕೆಂದು ನೆನಪಾಗಿ ಎಡಗೈ ಎತ್ತಿದರೆ, ಬಲಗೈಯೂ ಜೊತೆಗೆ ಬಿಟ್ಟುಬಿಡುತ್ತಿತ್ತು. ಗುಂಡಿ ಮತ್ತೆ ಒಳಕ್ಕೆ. ಏಳು ಸಲ ಹೀಗಾಯಿತು. ಅವನ ತಾಯಿ ಬಾಗಿಲಲ್ಲಿ ನಿಂತು 'ಅವನಿಗೆ ಬೆರಳಲ್ಲಿ ಬಲವಿಲ್ಲ' ಎಂದರು. ಬಲ ಇತ್ತು, ಇರದಿದ್ದದ್ದು ಒಂದು ಕೈಯಿಂದ ಇನ್ನೊಂದು ಕೈಗೆ ಒಪ್ಪಿಸುವ ಆ ಅರೆಗಳಿಗೆಯ ಹೊಂದಾಣಿಕೆ. ನಾನು ಗುಂಡಿ ಮುಟ್ಟಲಿಲ್ಲ. ಅವನ ಬಲಗೈಯ ಹೆಬ್ಬೆರಳ ಮೇಲೆ ನನ್ನ ಬೆರಳನ್ನು ಹಗುರವಾಗಿ ಇಟ್ಟು 'ಇದು ಇಲ್ಲೇ ಇರಲಿ' ಎಂದೆ. ಎಡಗೈ ಬಂದು ಇಣುಕಿದ ಅಂಚನ್ನು ಹಿಡಿದು ಎಳೆಯಿತು. ಅವನು ಗುಂಡಿಯನ್ನು ನೋಡಿದ, ನನ್ನನ್ನು ನೋಡಿದ, ತಾನೇ ಬಿಚ್ಚಿ ಇನ್ನೊಮ್ಮೆ ಹಾಕಿದ.

ಹಾಗಾಗಿ ಮಗು ಎಲ್ಲಿ ಎಡವುತ್ತಿದೆ ಎಂದು ಮೊದಲು ನೋಡಿ. ಕಲಿಸುವ ದಾರಿ ಹೀಗಿರಲಿ: ಮೊದಲು ಬಿಚ್ಚುವುದು, ಆಮೇಲೆ ಹಾಕುವುದು. ಎರಡು ಸೆಂಟಿಮೀಟರಿಗಿಂತ ದೊಡ್ಡದಾದ, ಚಪ್ಪಟೆಯಾದ ಗುಂಡಿ. ಸಲೀಸಾಗಿ ಹೋಗುವ ಕಾಜ. ಅಂಗಿಯನ್ನು ಮೈಮೇಲೆ ಹಾಕುವ ಮೊದಲು ಮಡಿಲಲ್ಲೋ ಮೇಜಿನ ಮೇಲೋ ಇಟ್ಟುಕೊಂಡು ಅಭ್ಯಾಸ ಮಾಡಲಿ, ಮೈಮೇಲಿನ ಗುಂಡಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಮೈಮೇಲೆ ಹಾಕುವಾಗ ಕೆಳಗಿನ ಗುಂಡಿಯಿಂದ ಆರಂಭಿಸಲಿ: ಅದು ಕಣ್ಣಿಗೆ ಕಾಣುತ್ತದೆ, ಎರಡೂ ಅಂಚು ಸಮ ಹಿಡಿದರೆ ಮೇಲೆ ಒಂದು ಗುಂಡಿ ಹೆಚ್ಚಾಗಿ ಉಳಿಯುವುದಿಲ್ಲ. ಕೊರಳ ಗುಂಡಿ ಎಲ್ಲಕ್ಕಿಂತ ಕಷ್ಟ, ಅದನ್ನು ಬಹಳ ಕಾಲ ನೀವೇ ಹಾಕಬೇಕಾಗಬಹುದು.

ಬಟ್ಟೆಯನ್ನು ಮೈಯಿಂದ ಬೇರ್ಪಡಿಸಿ ಅಭ್ಯಾಸ ಮಾಡಿಸುವ ಈ ಯೋಚನೆ ಹಳೆಯದು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ವೈದ್ಯೆ ಮರಿಯಾ ಮಾಂಟೆಸರಿ ಇದಕ್ಕೆಂದೇ ಮರದ ಚೌಕಟ್ಟುಗಳನ್ನು ಬಳಸಿದರು. ಚೌಕಟ್ಟಿಗೆ ಎರಡು ತುಂಡು ಬಟ್ಟೆ, ಅವು ನಡುವೆ ಸೇರುವಲ್ಲಿ ಗುಂಡಿಗಳು. ಇನ್ನೊಂದರಲ್ಲಿ ಬಕಲ್, ಮತ್ತೊಂದರಲ್ಲಿ ಲೇಸ್. ಇಂದಿಗೂ ಮಾಂಟೆಸರಿ ಶಾಲೆಗಳಲ್ಲಿ ಅವು ಇವೆ. ಮನೆಯಲ್ಲಿ ಹಳೆಯ ಅಂಗಿಯನ್ನು ದಿಂಬಿಗೆ ತೊಡಿಸಿದರೂ ಅದೇ ಕೆಲಸವಾಗುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಗುಂಡಿಗಳನ್ನು ತೂರಿಸುವ ಆಟವೂ ಒಳ್ಳೆಯದೇ, ಆದರೆ ನೀವು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ: ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಬಿಡಿ ಗುಂಡಿ ಅಪಾಯಕಾರಿ.

ಜಿಪ್, ವೆಲ್ಕ್ರೋ, ಟಿಚ್ ಬಟನ್?

ವೆಲ್ಕ್ರೋ ಎಲ್ಲಕ್ಕಿಂತ ಸುಲಭ. (ಬೇಟೆಗೆ ಹೋಗಿ ಬಂದಾಗ ನಾಯಿಯ ಕೂದಲಿಗೆ ಅಂಟಿದ್ದ ಮುಳ್ಳುಕಾಯಿಗಳನ್ನು 1941ರಲ್ಲಿ ಗಮನಿಸಿದ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಇದನ್ನು ರೂಪಿಸಿದರು. ಮಕ್ಕಳಿಗೆ ಈ ಕತೆ ಹೇಳಿ, ಕಿತ್ತಾಗ ಬರುವ ಸದ್ದಿನಷ್ಟೇ ಇಷ್ಟಪಡುತ್ತಾರೆ.) ಜಿಪ್‌ನಲ್ಲಿ ಕಷ್ಟವಿರುವುದು ಕೆಳಗಿನ ತುದಿಯನ್ನು ಕೂಡಿಸುವುದರಲ್ಲಿ, ಅದನ್ನು ನೀವು ಕೂಡಿಸಿ ಕೊಡಿ, ಎಳೆಯುವುದು ಮಗುವಿನ ಕೆಲಸ. ಎಳೆಯುವಾಗ ಇನ್ನೊಂದು ಕೈ ಬಟ್ಟೆಯ ಕೆಳ ಅಂಚನ್ನು ಬಿಗಿಯಾಗಿ ಹಿಡಿದಿರಬೇಕು. ಜಿಪ್‌ನ ತುದಿಗೆ ಸಣ್ಣ ಉಂಗುರ ಸಿಕ್ಕಿಸಿದರೆ ಹಿಡಿತ ಸಿಗುತ್ತದೆ. ಟಿಚ್ ಬಟನ್‌ಗೆ ಬೆರಳಿನ ಬಲ ಬೇಕು. ಗಟ್ಟಿಯಾದವು ಕೆಲವೊಮ್ಮೆ ಗುಂಡಿಗಿಂತಲೂ ಕಷ್ಟ.

ಕಾಲುಚೀಲ ಮತ್ತು ಶೂ ವಿಷಯದಲ್ಲಿ ದಿನವೂ ರಂಪ.

ಮೊದಲು ಮಗು ಕೂರುವ ಜಾಗ ನೋಡಿ. ನಿಂತು ಒಂಟಿಕಾಲಲ್ಲಿ ತೂಗಾಡುತ್ತಾ ಕಾಲುಚೀಲ ಹಾಕಿಕೊಳ್ಳುವುದು ಮೂರು ವರ್ಷದ ಮಗುವಿಗೆ ಸಾಧ್ಯವಿಲ್ಲ. ಎತ್ತರದ ಮಂಚದ ಅಂಚಿನಲ್ಲಿ ಕಾಲು ನೇತಾಡಿದರೂ ಆಗುವುದಿಲ್ಲ. ಪಾದ ನೆಲಕ್ಕೆ ಊರುವಷ್ಟು ತಗ್ಗಿನ ಮಣೆ, ಅಥವಾ ಬೆನ್ನಿಗೆ ಗೋಡೆ ಸಿಗುವಂತೆ ನೆಲ. ಎಷ್ಟೋ ರಂಪಗಳು ಜಾಗ ಬದಲಿಸಿದ್ದರಿಂದಲೇ ನಿಂತದ್ದನ್ನು ನೋಡಿದ್ದೇನೆ.

ಕಾಲುಚೀಲವನ್ನು ತುದಿಯವರೆಗೆ ಮುದುರಿ ಮಗುವಿನ ಕೈಗೆ ಕೊಡಿ, ಎರಡೂ ಹೆಬ್ಬೆರಳು ಒಳಗಿರಲಿ. ಕಾಲ್ಬೆರಳುಗಳೆಲ್ಲ ಒಳಗೆ ಸೇರಿದ ಮೇಲೆ ಹಿಮ್ಮಡಿಯವರೆಗೆ, ಆಮೇಲೆ ಮೇಲಕ್ಕೆ. ಹಿಮ್ಮಡಿಗೆ ಬೇರೆ ಬಣ್ಣವಿರುವ ಕಾಲುಚೀಲ ಸಿಕ್ಕರೆ ತಿರುಚಿಕೊಳ್ಳುವುದು ತಪ್ಪುತ್ತದೆ. ಒದ್ದೆ ಪಾದಕ್ಕೆ ಯಾವ ಕಾಲುಚೀಲವೂ ಏರುವುದಿಲ್ಲ, ಚೆನ್ನಾಗಿ ಒರೆಸಿಕೊಳ್ಳಲಿ.

ಶೂಗಳ ಎಡ ಬಲ ಗುರುತಿಸಲು ಒಂದು ಸ್ಟಿಕರನ್ನು ನಡುವೆ ಕತ್ತರಿಸಿ, ಅರ್ಧವನ್ನು ಎಡ ಶೂವಿನ ಒಳಗೆ, ಅರ್ಧವನ್ನು ಬಲ ಶೂವಿನ ಒಳಗೆ, ಒಳಬದಿಯ ಅಂಚಿಗೆ ಅಂಟಿಸಿ. ಜೋಡಿಯನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಚಿತ್ರ ಕೂಡಿದರೆ ಸರಿ.

ಸ್ವೆಟರ್ ಅಥವಾ ಕೋಟಿನ ಎರಡನೆಯ ತೋಳು ಸಿಗುವುದೇ ಇಲ್ಲ.

ಮುಂದೆ ತೆರೆಯುವ ಕೋಟಾದರೆ ಬೆನ್ನು ಕೆಳಗಾಗಿ ನೆಲದ ಮೇಲೆ ಬಿಚ್ಚಿ ಹರಡಿ, ಕಾಲರ್ ಮಗುವಿನ ಪಾದದ ಬಳಿ ಇರಲಿ. ಮಗು ಬಗ್ಗಿ ಎರಡೂ ಕೈಯನ್ನು ತೋಳುಗಳಿಗೆ ತೂರಿಸಿ, ಕೈ ಮೇಲಕ್ಕೆತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಲಿ. ಕೋಟು ಸರಿಯಾಗಿ ಬೆನ್ನ ಮೇಲೆ ಬೀಳುತ್ತದೆ. ಒಬ್ಬರು ಮಾಡಿದರೆ ತರಗತಿಯ ಎಲ್ಲರಿಗೂ ಬೇಕಾಗುತ್ತದೆ.

ಬೇಸಿಗೆಯಲ್ಲಿ ಉಣ್ಣೆಯ ಟೋಪಿಯೇ ಬೇಕು ಎನ್ನುತ್ತಾಳೆ. ಬಟ್ಟೆ ಆರಿಸಲು ಬಿಡಬೇಕೇ?

ಬಿಡಿ, ಆದರೆ ಇಡೀ ಕಪಾಟನ್ನಲ್ಲ. ಹವೆಗೆ ಹೊಂದುವ ಎರಡು ಅಂಗಿ ಮುಂದಿಟ್ಟು 'ಇದೋ, ಅದೋ?' ಎಂದು ಕೇಳಿ. ಹೊಂದದ ಬಟ್ಟೆಗಳನ್ನು ಕಣ್ಣಿಗೆ ಬೀಳದ ಹಾಗೆ ಮೇಲೆ ಎತ್ತಿಡಿ. ಕೆಂಪು ಚಡ್ಡಿಗೆ ನೇರಳೆ ಅಂಗಿ ಒಪ್ಪುತ್ತದೆಯೇ ಎಂಬುದು ಅವಳ ಚಿಂತೆಯಲ್ಲ, ನಿಮ್ಮದೂ ಆಗಬೇಕಿಲ್ಲ.

ಹೊಲಿಗೆ ಚುಚ್ಚುತ್ತದೆ, ಲೇಬಲ್ ಚುಚ್ಚುತ್ತದೆ ಎಂದು ಎಲ್ಲ ಕಿತ್ತೆಸೆಯುತ್ತಾನೆ.

ನಂಬಿ. ಕೆಲವು ಮಕ್ಕಳ ಚರ್ಮಕ್ಕೆ ನಮಗೆ ತಿಳಿಯದ ಉಜ್ಜಾಟ ನಿಜಕ್ಕೂ ನೋವು. ಲೇಬಲನ್ನು ಬುಡಸಮೇತ ಬಿಡಿಸಿ ತೆಗೆಯಿರಿ. ಅರ್ಧ ಕತ್ತರಿಸಿದರೆ ಉಳಿದ ತುದಿ ಇನ್ನೂ ಚುಚ್ಚುತ್ತದೆ. ಹೊಸ ಬಟ್ಟೆಯನ್ನು ಎರಡು ಮೂರು ಸಲ ಒಗೆದು ಕೊಡಿ. ಕಾಲುಚೀಲವನ್ನು ಒಳಮಗ್ಗುಲು ಹೊರಗಾಗಿ ಹಾಕಿದರೆ ಬೆರಳ ಬಳಿಯ ಹೊಲಿಗೆ ತಾಗುವುದಿಲ್ಲ. ಬಟ್ಟೆಯ ಜೊತೆಗೆ ಸದ್ದು, ಊಟ, ತಲೆ ಬಾಚುವುದು ಎಲ್ಲದರಲ್ಲೂ ಇದೇ ಕಷ್ಟವಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಕಲಿಸುವ ಚಿಕಿತ್ಸಕರು) ಒಬ್ಬರನ್ನು ಕಾಣಿ.

ಕಲಿಯುವ ಮಗುವಿಗೆ ಎಂಥ ಬಟ್ಟೆ ಕೊಳ್ಳಬೇಕು?

ಸೊಂಟಕ್ಕೆ ಎಲಾಸ್ಟಿಕ್, ಅಗಲ ಕುತ್ತಿಗೆ, ತುಸು ಸಡಿಲ. ಶೌಚದ ಅಭ್ಯಾಸ ನಡೆಯುತ್ತಿರುವಾಗ ಬೆಲ್ಟ್, ಬಿಗಿ ಜೀನ್ಸ್, ಬೆನ್ನ ಮೇಲೆ ಗುಂಡಿ ಇರುವ ಉಡುಪು ಬೇಡ. ತುರ್ತಿನಲ್ಲಿ ಬಿಚ್ಚಲಾಗದೆ ಒದ್ದೆ ಮಾಡಿಕೊಂಡ ಮಗುವಿನ ಅವಮಾನ ಸಣ್ಣದಲ್ಲ. ಕುತ್ತಿಗೆಯ ಬಳಿ ಎಳೆದು ಕಟ್ಟುವ ಲಾಡಿ ಇರುವ ಬಟ್ಟೆಯನ್ನು ಪುಟ್ಟ ಮಕ್ಕಳಿಗೆ ಕೊಡಲೇಬೇಡಿ. ಜಾರುಬಂಡೆಯಂಥ ಆಟದ ಸಲಕರಣೆಗೆ ಅದು ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ತಪ್ಪಾಗಿ ಹಾಕಿಕೊಂಡರೆ ತಕ್ಷಣ ಸರಿಪಡಿಸಬೇಕೇ?

ಶೂ ಅದಲುಬದಲಾಗಿದ್ದರೆ ಹೇಳಿ, ಕಾಲು ನೋಯುತ್ತದೆ, ಎಡವಿ ಬೀಳುತ್ತದೆ. ಟೀ ಶರ್ಟ್ ಹಿಂದುಮುಂದಾಗಿದ್ದರೆ ಸುಮ್ಮನಿರಿ. ಹತ್ತು ನಿಮಿಷ ಹೆಣಗಿ ಹಾಕಿಕೊಂಡು ಓಡಿಬಂದ ಮಗುವಿನ ಬಟ್ಟೆಯನ್ನು ಒಂದು ಮಾತೂ ಆಡದೆ ಎಳೆದು ತಿರುಗಿಸಿ ಹಾಕಿದರೆ, ಅದು ಓದಿಕೊಳ್ಳುವ ಅರ್ಥ 'ನೀನು ಮಾಡಿದ್ದು ಲೆಕ್ಕಕ್ಕಿಲ್ಲ' ಎಂದು. ತಿದ್ದಲೇಬೇಕಾದರೆ ಕನ್ನಡಿಯ ಮುಂದೆ ನಿಲ್ಲಿಸಿ 'ಆನೆ ಎಲ್ಲಿ ಹೋಯಿತು?' ಎಂದು ಕೇಳಿ. ಚಿತ್ರ ಬೆನ್ನ ಮೇಲಿದೆ ಎಂದು ಅದೇ ಕಂಡುಕೊಳ್ಳಲಿ. ಹೊಗಳುವಾಗಲೂ 'ಜಾಣ' ಎನ್ನುವುದಕ್ಕಿಂತ 'ಎರಡನೆಯ ಕಾಲು ಸಿಕ್ಕಿಕೊಂಡಿತ್ತು, ನೀನೇ ಬಿಡಿಸಿಕೊಂಡೆ' ಎನ್ನುವುದು ಮಗುವಿಗೆ ಹೆಚ್ಚು ತಲುಪುತ್ತದೆ.

ಮಗು ಎಡಗೈಯದು. ನಾನು ಬಲಗೈಯವಳು. ಹೇಗೆ ತೋರಿಸಲಿ?

ಪಕ್ಕದಲ್ಲಿ ಕೂರದೆ ಎದುರಿಗೆ ಕೂರಿ. ಕನ್ನಡಿಯಲ್ಲಿ ನೋಡಿದಂತೆ ನಿಮ್ಮ ಬಲಗೈ ಅದರ ಎಡಗೈಗೆ ನೇರವಾಗುತ್ತದೆ.

ಒಂದು ಕೈಯಲ್ಲಿ ಬಲ ಕಡಿಮೆ ಇರುವ ಮಗುವಿಗೆ?

ಹಾಕುವಾಗ ಬಲ ಕಡಿಮೆಯಿರುವ ಕೈ ಮೊದಲು, ಕಳಚುವಾಗ ಅದೇ ಕೈ ಕೊನೆಗೆ. ಬಗ್ಗದ ತೋಳನ್ನು ಕೊನೆಯಲ್ಲಿ ತುರುಕುವ ನೋವು ಇದರಿಂದ ತಪ್ಪುತ್ತದೆ. ಉಳಿದ ಉಪಾಯಗಳನ್ನು ಥೆರಪಿಸ್ಟ್ ಮಗುವನ್ನು ನೋಡಿಯೇ ಹೇಳಬೇಕು.

ಯಾವಾಗ ವೈದ್ಯರನ್ನು ಕಾಣಬೇಕು?

ಐದು ದಾಟಿದರೂ ಸುಲಭದ ಬಟ್ಟೆಗೂ ಪೂರ್ತಿ ನೆರವು ಬೇಕಾದರೆ. ಮೊದಲು ಬರುತ್ತಿದ್ದದ್ದು ಕಾರಣ ತಿಳಿಯದೆ ಬಾರದಂತಾದರೆ, ವಯಸ್ಸು ಎಷ್ಟಿದ್ದರೂ. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಾ ಇನ್ನೊಂದನ್ನು ಮುಷ್ಟಿ ಕಟ್ಟಿ ಬಿಟ್ಟಿದ್ದರೆ ತಡಮಾಡಬೇಡಿ. 'ದೊಡ್ಡವನಾದ ಮೇಲೆ ಸರಿಹೋಗುತ್ತದೆ' ಎಂದು ಹಿರಿಯರು ಹೇಳಿದರೂ ಒಮ್ಮೆ ತೋರಿಸಿಕೊಂಡು ಬರುವುದರಲ್ಲಿ ನಷ್ಟವಿಲ್ಲ.

ಶೂ ಲೇಸ್ ಕಟ್ಟಲು ಸುಲಭ ದಾರಿ ಇದೆಯೇ?

ಎರಡು ಬಣ್ಣದ ಲೇಸ್ ಹಾಕಿ, ಶೂವನ್ನು ಕಾಲಿಗೆ ಹಾಕದೆ ಮೇಜಿನ ಮೇಲೆ ಇಟ್ಟು ಕಲಿಸಿ. ಮೊದಲ ಗಂಟು ಬಂದ ಮೇಲೆ ಎರಡು ಬದಿಗೂ ಒಂದೊಂದು ಕುಣಿಕೆ ಮಾಡಿ, ಆ ಎರಡು ಕುಣಿಕೆಗಳನ್ನೇ ಮತ್ತೆ ಗಂಟು ಹಾಕಿಸಿ. ಒಂದು ಕುಣಿಕೆಯ ಸುತ್ತ ದಾರ ಸುತ್ತುವ ವಿಧಾನಕ್ಕಿಂತ ಇದು ಅನೇಕ ಮಕ್ಕಳಿಗೆ ಬೇಗ ಹತ್ತುತ್ತದೆ. ಇನ್ನೂ ಬಾರದಿದ್ದರೆ ವೆಲ್ಕ್ರೋ ಶೂ ಇದೆ, ಆರು ತಿಂಗಳು ಬಿಟ್ಟು ನೋಡಿ.

ಎಲ್ಲ ಕಲಿತಿದ್ದಳು. ಈಗ ಮತ್ತೆ 'ನೀನೇ ಹಾಕು' ಎನ್ನುತ್ತಾಳೆ.

ಮನೆಗೆ ಹೊಸ ಕೂಸು ಬಂದಾಗ, ಜ್ವರದಿಂದ ಎದ್ದಾಗ, ಶಾಲೆ ಬದಲಾದಾಗ ಇದು ಸಾಮಾನ್ಯ. ಬಾರದು ಎಂದಲ್ಲ, ನಿಮ್ಮ ಕೈ ತನ್ನ ಮೇಲೂ ಇರಲಿ ಎಂದು. ತಮ್ಮ ಹುಟ್ಟಿದ ತಿಂಗಳಲ್ಲಿ ಐದು ವರ್ಷದ ಹುಡುಗಿಯೊಬ್ಬಳು ದಿನವೂ ನನ್ನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಒಂದು ಕಾಲುಚೀಲ ನಾನು ಹಾಕುತ್ತಿದ್ದೆ, ಇನ್ನೊಂದನ್ನು ಅವಳ ಮಡಿಲಲ್ಲಿ ಇಡುತ್ತಿದ್ದೆ. ಮೊದಲ ಕೆಲವು ದಿನ ಅದೂ ನನ್ನ ಪಾಲಿಗೇ ಬಂತು. ಆಮೇಲೆ ಒಂದು ಬೆಳಗ್ಗೆ, ನಾನು ಎಡಗಾಲಿನದನ್ನು ಮುಗಿಸುವ ಮೊದಲೇ ಅವಳು ಬಲಗಾಲಿನದನ್ನು ಹಾಕಿ ಮುಗಿಸಿದ್ದಳು.